ಮಳೆಯ ನಕ್ಷತ್ರವೂ ನೆಲದ ಹದವೂ

ಕನ್ನಡದಲ್ಲಿ ಮಳೆಬೆಳೆಗಳ ವಿಷಯವಾಗಿ ಉಪಲಬ್ಧವಾಗಿರುವ ವಾಙ್ಮಯವು ಮುಖ್ಯವಾಗಿ ಮೂರು ಬಗೆಯದು. ಸಂಸ್ಕೃತದ ಸಂಹಿತಾಗ್ರಂಥಗಳನ್ನು ಅನುಸರಿಸಿ ಪಂಡಿತರು ರಚಿಸಿದ ಶಾಸ್ತ್ರಕೃತಿಗಳು ಒಂದು. ಒಕ್ಕಲಿಗರ ಬಾಯಲ್ಲಿ ಹುಟ್ಟಿ ಬೆಳೆದುಬಂದ ಮಳೆಗಾದೆಗಳು ಮತ್ತೊಂದು. ಧಾನ್ಯವನ್ನೇ ನಾಯಕನನ್ನಾಗಿ ಮಾಡಿಕೊಂಡ ಕನಕದಾಸರ ರಾಮಧಾನ್ಯಚರಿತ್ರೆಯಂತಹ ಕಾವ್ಯವು ಇನ್ನೊಂದು. ಇವುಗಳನ್ನು ಶಬ್ದಕ್ಕಾಗಿಯೋ ಛಂದಸ್ಸಿಗಾಗಿಯೋ ಕಾಲನಿರ್ಣಯಕ್ಕಾಗಿಯೋ ಓದಿದವರು ಬಹುಮಂದಿ. ಅವುಗಳಲ್ಲಿ ಹೇಳಿದ ಮಾತು ಹೊಲದಲ್ಲಿ ನಿಲ್ಲುವುದೇ ಎಂದು ವಿಚಾರಿಸಿ ಓದಿದವರು ವಿರಳ.

ಈಗ ಆ ವಿಚಾರವನ್ನು ಮುಂದಕ್ಕೆ ತಳ್ಳುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ ೨೦೧೧ರಿಂದ ೨೦೨೦ರ ವರೆಗಿನ ದಶಕದಲ್ಲಿ ಭೂಮಂಡಲದ ಸರಾಸರಿ ಉಷ್ಣತೆಯು ಸುಮಾರು ೧.೧ ಅಂಶ ಸೆಲ್ಸಿಯಸ್ಸಿನಷ್ಟು ಏರಿರುವುದಾಗಿ ಅಂತರರಾಷ್ಟ್ರೀಯ ಹವಾಗುಣ ವಿಜ್ಞಾನಿಗಳ ಮಂಡಲಿಯು ೨೦೨೧ರ ವರದಿಯಲ್ಲಿ ನಿರ್ಣಯಿಸಿತು. ಮಳೆಯ ವಾಡಿಕೆಯೂ ಅದರೊಡನೆ ಕೆಟ್ಟಿದೆ. ಅಲ್ಪಭೂಮಿಯ ಬೇಸಾಯಗಾರನು ಈ ಮಾರ್ಪಾಟಿಗೆ ಹೇಗೆ ಒಗ್ಗಿಕೊಳ್ಳಬೇಕೆಂಬ ಪ್ರಶ್ನೆ ಎದ್ದೊಡನೆ ವಿದ್ಯಾವಂತರಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡಿವೆ. ಪ್ರಾಚೀನರು ಎಲ್ಲವನ್ನೂ ಹೇಳಿಟ್ಟಿದ್ದಾರೆ, ಅದನ್ನು ಅಚ್ಚುಮಾಡಿಸಿ ರೈತನ ಕೈಗೆ ಕೊಟ್ಟರೆ ಸಾಕು ಎನ್ನುವವರು ಒಂದು ಕಡೆ. ನಕ್ಷತ್ರ ಗಾದೆ ಎಂದೊಡನೆ ಮೂಢನಂಬಿಕೆಯೆಂದು ಮುಖ ತಿರುಗಿಸುವವರು ಇನ್ನೊಂದು ಕಡೆ. ಇಬ್ಬರೂ ಗ್ರಂಥವನ್ನು ಓದಿಲ್ಲವೆಂಬುದರಲ್ಲಿ ಮಾತ್ರ ಒಂದೇ ಪಕ್ಷದವರು. ಇದನ್ನು ಪಂಡಿತರ ವಿನೋದವೆಂದು ಬಿಡುವಂತೆಯೂ ಇಲ್ಲ. ೨೦೧೫–೧೬ರ ಕೃಷಿಗಣತಿಯಂತೆ ಕರ್ನಾಟಕದ ಹಿಡುವಳಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಎರಡು ಹೆಕ್ಟೇರಿಗಿಂತ ಕಡಿಮೆಯವು. ಅಂತಹ ಹಿಡುವಳಿಯವನು ಒಂದು ತಪ್ಪು ಮಾತನ್ನು ನಂಬಿ ಅಕಾಲದಲ್ಲಿ ಬಿತ್ತಿದರೆ ಬೀಜವೂ ಹೋಯಿತು, ಸಾಲವೂ ಉಳಿಯಿತು.

ಪರೀಕ್ಷೆಗೆ ಒಂದು ನೆಲ ಬೇಕು. ಬೆಂಗಳೂರು ಉತ್ತರ ತಾಲ್ಲೂಕಿನ ದಾಸನಪುರ ಹೋಬಳಿಗೆ ಸೇರಿದ ಮಾದನಾಯಕನಹಳ್ಳಿಯನ್ನು ತೆಗೆದುಕೊಳ್ಳಬಹುದು. ಪೀಣ್ಯದ ಕಾರ್ಖಾನೆಗಳನ್ನು ದಾಟಿ ನೆಲಮಂಗಲದ ಕಡೆಗೆ ಹೋಗುವ ತುಮಕೂರು ಹೆದ್ದಾರಿಯ ಮೇಲೆ ಈ ಊರಿದೆ. ೨೦೨೪ರ ನವೆಂಬರಿನಲ್ಲಿ ಮೆಟ್ರೋ ರೈಲು ಇದರ ಸಮೀಪದ ಮಾದಾವರದವರೆಗೆ ಬಂದಿತು. ಗೋದಾಮುಗಳ ನಡುವೆ, ನಿವೇಶನದ ಕಲ್ಲುಗಳ ನಡುವೆ, ಕೆಂಪು ನೆಲದ ತುಂಡುಗಳಲ್ಲಿ ರಾಗಿಯೂ ಅವರೆಯೂ ಇನ್ನೂ ಉಳಿದಿವೆ. ಸುತ್ತಣ ನೀರು ಅರ್ಕಾವತಿಗೆ ಹರಿಯತಕ್ಕದ್ದು. ಇಲ್ಲಿಯ ಮಳೆಗೆ ಎರಡು ಏರುಗಳುಂಟು: ಮೇ ತಿಂಗಳಿನಲ್ಲಿ ಒಂದು ಸಣ್ಣ ಏರು, ಆಗಸ್ಟಿನಿಂದ ಅಕ್ಟೋಬರದವರೆಗೆ ದೊಡ್ಡ ಏರು, ಸೆಪ್ಟೆಂಬರವು ಎಲ್ಲಕ್ಕಿಂತ ಹೆಚ್ಚು ಮಳೆಯ ತಿಂಗಳು. ಈ ಕ್ರಮವು ಇತ್ತೀಚೆಗೆ ಎಷ್ಟು ಓಲಾಡುತ್ತಿದೆಯೆಂಬುದಕ್ಕೆ ಒತ್ತಿನ ಎರಡು ವರ್ಷಗಳೇ ಸಾಕ್ಷಿ. ೨೦೨೨ರಲ್ಲಿ ಬೆಂಗಳೂರಿನಲ್ಲಿ ಹಿಂದಿನ ದಾಖಲೆಗಳನ್ನು ಮೀರಿ ಮಳೆ ಸುರಿಯಿತು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರಕಾರವು ಘೋಷಿಸಿತು.

ಶಾಸ್ತ್ರಗಳಲ್ಲಿ ಮೊದಲು ನೋಡತಕ್ಕದ್ದು ಎರಡನೆಯ ಚಾವುಂಡರಾಯನ ಲೋಕೋಪಕಾರ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. ೧೦೨೫ರ ಸುಮಾರಿಗೆ ಹುಟ್ಟಿದ ಹನ್ನೆರಡು ಅಧ್ಯಾಯಗಳ ಈ ಗ್ರಂಥವು ವರಾಹಮಿಹಿರನಿಗೆ ಬಹಳವಾಗಿ ಋಣಿ. ಮಳೆಯ ಲಕ್ಷಣ, ಉದಕಾರ್ಗಳ, ವೃಕ್ಷಾಯುರ್ವೇದ ಇವುಗಳ ಜತೆಯಲ್ಲಿ ಸುಗಂಧದ್ರವ್ಯಗಳನ್ನೂ ಪಾಕವಿಧಾನವನ್ನೂ ಹೇಳಿದೆ. ಗ್ರಂಥದ ಹೆಸರನ್ನು ಕಂಡು ಇದು ಸರ್ವಜನರಿಗಾಗಿ ಬರೆದದ್ದೆಂದು ಭಾವಿಸುವವರು ಈ ಸಹವಾಸವನ್ನು ಗಮನಿಸಬೇಕು. ಗಂಧದ ಕೂಟವೂ ಭಕ್ಷ್ಯಗಳ ವಿವರವೂ ಬೇಕಾದ ಮನೆಯಲ್ಲಿ ಉದ್ಯಾನವಿರುತ್ತದೆ. ಉದ್ಯಾನದ ಗಿಡಕ್ಕೆ ಹಾಲು ತುಪ್ಪ ಜೇನುಗಳನ್ನು ಎರೆಯುವ ಶಕ್ತಿಯೂ ಇರುತ್ತದೆ. ರಾಗಿಯ ಹೊಲಕ್ಕೆ ಹಾಲೆರೆಯುವವರಿಲ್ಲ. ಲೋಕೋಪಕಾರದ ‘ಲೋಕ’ವೆಂದರೆ ಸಂಪನ್ನ ಗೃಹಸ್ಥನ ಲೋಕ. ಇಷ್ಟು ಹೇಳಿದ್ದರಿಂದ ಗ್ರಂಥಕ್ಕೆ ಕುಂದು ಬರಲಿಲ್ಲ. ತೋಟಗಾರನಿಗೆ ಅದರಲ್ಲಿ ಪರೀಕ್ಷಿಸತಕ್ಕ ವಿಷಯ ಬೇಕಾದಷ್ಟಿದೆ. ಮಳೆಯನ್ನೇ ನೆಚ್ಚಿದ ಹೊಲದವನಿಗೆ ಅದು ಉದ್ದಿಷ್ಟವಾಗಿರಲಿಲ್ಲವೆಂಬುದಷ್ಟೇ ತಾತ್ಪರ್ಯ.

ಸುಮಾರು ೧೩೦೦ರ ರಟ್ಟಕವಿಯ ರಟ್ಟಮತವು ಮಳೆ, ಮಿಂಚು, ಭೂಕಂಪ, ಉತ್ಪಾತಗಳನ್ನು ಕುರಿತದ್ದು, ತೆಲುಗಿಗೂ ಪರಿವರ್ತಿತವಾಯಿತು. ನಿಮಿತ್ತಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ಬೆಲೆಯುಂಟು. ಸಂಸ್ಕೃತದ ಕೃಷಿಪರಾಶರವನ್ನು ಈ ನಾಡಿಗೆ ತರುವ ಪ್ರಯತ್ನವಂತೂ ಅಪಾರ್ಥಕ್ಕೆ ದಾರಿ. ಪುಷ್ಯಮಾಸವನ್ನು ಎರಡೂವರೆ ದಿನಗಳ ಹನ್ನೆರಡು ಪಾಲು ಮಾಡಿ, ಒಂದೊಂದು ಪಾಲಿನ ಗಾಳಿಯಿಂದ ಒಂದೊಂದು ತಿಂಗಳ ಮಳೆಯನ್ನು ಊಹಿಸುವ ಆ ಗ್ರಂಥವು ಪೂರ್ವದೇಶದ ಭತ್ತದ ಗದ್ದೆಗಳಲ್ಲಿ ಹುಟ್ಟಿದುದೆಂಬುದು ವಿದ್ವಾಂಸರ ಮತ. ಅಲ್ಲಿಯ ಗಾಳಿಯ ಮಾತು ಇಲ್ಲಿಯ ರಾಗಿಗೆ ತಾಕದು.

ಇವೆಲ್ಲಕ್ಕಿಂತ ಹಳೆಯದಾದ ಒಂದು ಗ್ರಂಥವು ಈ ವಿಷಯದಲ್ಲಿ ಹೆಚ್ಚು ಹೊಸದಾಗಿ ತೋರುವುದು ವಿಚಿತ್ರ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಅರತ್ನಿ ಬಾಯಿಯ ಮಳೆಯ ಪಾತ್ರೆಯನ್ನಿಡಬೇಕೆಂದು ವಿಧಿಸಿದೆ. ಜಾಂಗಲದೇಶಕ್ಕೆ ೧೬ ದ್ರೋಣ, ಅನೂಪದೇಶಕ್ಕೆ ೨೪, ಅಶ್ಮಕಕ್ಕೆ ೧೩½, ಅವಂತಿಗೆ ೨೩ ಎಂದು ದೇಶಭೇದದಿಂದ ಮಳೆಯನ್ನು ಅಳೆದು ಹೇಳಿದೆ. ನಾಲ್ಕು ತಿಂಗಳ ಮಳೆಗಾಲದ ಮೊದಲ ಮತ್ತು ಕಡೆಯ ತಿಂಗಳುಗಳಲ್ಲಿ ಮೂರನೆಯ ಒಂದು ಪಾಲೂ ನಡುವಣ ಎರಡು ತಿಂಗಳುಗಳಲ್ಲಿ ಉಳಿದ ಎರಡು ಪಾಲೂ ಬಿದ್ದರೆ ಒಳ್ಳೆಯದೆಂದಿದೆ. ಆ ನಡುವಣ ತಿಂಗಳುಗಳು ಭಾದ್ರಪದ ಆಶ್ವಯುಜಗಳೆಂದು ವ್ಯಾಖ್ಯಾನಿಸುವುದುಂಟು. ಅವೇ ಮಾದನಾಯಕನಹಳ್ಳಿಯ ರಾಗಿಗೂ ಮುಖ್ಯವಾದ ತಿಂಗಳುಗಳು. ಇದು ಕಾಕತಾಳೀಯವಿರಬಹುದು, ಅದನ್ನು ಹಿಡಿದು ಕೌಟಿಲ್ಯನನ್ನು ಬೆಂಗಳೂರಿಗೆ ಕರೆತರುವುದು ಬೇಡ. ಗ್ರಾಹ್ಯವಾದದ್ದು ಫಲವಲ್ಲ, ರೀತಿ. ಊರಿಗೊಂದು ಅಳತೆಯೆಂಬ ಆ ರೀತಿ ಮುಂದಿನ ನಿಮಿತ್ತಗ್ರಂಥಗಳಲ್ಲಿ ಗೌಣವಾಯಿತು. ವರಾಹಮಿಹಿರನೂ ಒಂದು ಹಸ್ತದ ಕುಂಡದಲ್ಲಿ ಮಳೆಯನ್ನಳೆಯುವ ಕ್ರಮವನ್ನು ಹೇಳಿದನು. ಅವನನ್ನು ಅನುಸರಿಸಿದವರು ಕುಂಡವನ್ನು ಬಿಟ್ಟು ಗರ್ಭಲಕ್ಷಣವನ್ನು ಮಾತ್ರ ಹಿಡಿದುಕೊಂಡರು. ಮಾರ್ಗಶಿರದಲ್ಲಿ ಗರ್ಭಧರಿಸಿದ ಮೋಡವು ೧೯೫ ದಿನಗಳ ಮೇಲೆ ಪ್ರಸವಿಸುವುದೆಂಬ ಆ ಕಲ್ಪನೆ ಕಾವ್ಯದಂತೆ ರಮಣೀಯ. ಪಾತ್ರೆಯಿಟ್ಟು ಅದನ್ನು ಪರೀಕ್ಷಿಸುವ ಸಾಧನವೂ ಅದೇ ಗ್ರಂಥದಲ್ಲಿ ಪಕ್ಕದಲ್ಲೇ ಇದ್ದಿತು.

ಇನ್ನು ಗಾದೆಗಳ ವಿಚಾರ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ನಿಲ್ಲುವನು. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ ಎಂದು ಆರಂಭಿಸಿ ಮಘೆ, ಹುಬ್ಬೆ, ಉತ್ತರೆಗಳನ್ನು ಹಾದು ಚಿತ್ತೆ ಸ್ವಾತಿಗಳವರೆಗೆ ಒಂದೊಂದಕ್ಕೂ ಒಂದೆರಡು ಗಾದೆಗಳಾದರೂ ಉಂಟು. ಸಂಗ್ರಾಹಕರು ಇವುಗಳನ್ನು ‘ಅನುಭವದ ಸಾರ’ವೆಂದು ಹೊಗಳಿ ಅಕಾರಾದಿಯಾಗಿ ಅಚ್ಚುಮಾಡಿ ಕೈತೊಳೆದುಕೊಂಡಿದ್ದಾರೆ. ಅನುಭವವೆಷ್ಟು, ಪ್ರಾಸವೆಷ್ಟು ಎಂದು ಬೇರ್ಪಡಿಸುವ ಕೆಲಸ ಹಾಗೆಯೇ ಉಳಿದಿದೆ.

ಭರಣಿಗೆ ಧರಣಿ, ರೋಹಿಣಿಗೆ ಓಣಿ, ಆರಿದ್ರೆಗೆ ದಾರಿದ್ರ್ಯ, ಹುಬ್ಬೆಗೆ ಉಬ್ಬು ಜೊತೆಯಾಗಿ ಬರುವುದು ಎಲ್ಲರೂ ಬಲ್ಲ ಸಂಗತಿ. ಹೆಸರು ಬೇರೆಯಾಗಿದ್ದರೆ ಫಲವೂ ಬೇರೆಯಾಗುತ್ತಿತ್ತೆಂಬುದು ಸ್ಪಷ್ಟ. ಭರಣಿಯ ಮಳೆಯು ಏಪ್ರಿಲ್ ಕೊನೆಯಲ್ಲಿ ಬರತಕ್ಕದ್ದು. ನೆಲವನ್ನು ಉತ್ತು ಮೆತ್ತಗೆ ಮಾಡಿಕೊಳ್ಳಲು ಅನುಕೂಲವಾದೀತೇ ಹೊರತು ಧರಣಿಯನ್ನೆಲ್ಲ ಬೆಳೆಯಿಂದ ತುಂಬುವ ಶಕ್ತಿ ಅದಕ್ಕಿಲ್ಲ. ಅಲ್ಲಿ ಮಾತನಾಡುತ್ತಿರುವುದು ಆದಿಪ್ರಾಸ. ಆದರೆ ರೋಹಿಣಿಯ ಗಾದೆಯಲ್ಲಿ ಓಣಿ ಎಂಬುದು ಪ್ರಾಸಕ್ಕೆ ಬಂದದ್ದಾದರೂ ಜೋಳ ಎಂಬುದು ಪ್ರಾಸಕ್ಕೆ ಬಂದುದಲ್ಲ. ರೋಹಿಣಿ ಎಂಬ ಶಬ್ದವು ಜೋಳವನ್ನು ಬೇಡುವುದಿಲ್ಲ. ಆದಕಾರಣ ಆ ಗಾದೆಯಲ್ಲಿ ಒಕ್ಕಲಿಗನು ನಿಜವಾಗಿ ಕಂಡುದು ಜೋಳವನ್ನೇ. ಪಾಠಪರಿಷ್ಕರಣದಲ್ಲಿ ಲಿಪಿಕಾರನು ಸುಲಭವಾಗಿ ಹುಟ್ಟಿಸಲಾರದ ಪಾಠಕ್ಕೆ ಹೆಚ್ಚು ಬೆಲೆ ಕೊಡುವುದು ರೂಢಿ. ಗಾದೆಗಳಲ್ಲಿಯೂ ಪ್ರಾಸವು ಹುಟ್ಟಿಸಲಾರದ ಪದಕ್ಕೆ ಹಾಗೆಯೇ ಬೆಲೆ ಕೊಡಬೇಕು. ಹೀಗೆ ಜರಡಿ ಹಿಡಿದರೆ ಅಚ್ಚಾದ ಗಾದೆಗಳಲ್ಲಿ ಬಹುಭಾಗ ಹೊಟ್ಟಾಗಿ ಹಾರಿಹೋಗುವುದೆಂಬ ಭಯವುಂಟು. ಹಾರಿಹೋಗಲಿ. ಉಳಿದ ಕಾಳು ಗಟ್ಟಿಯಾಗಿರುತ್ತದೆ.

ಇದಕ್ಕಿಂತ ಗಹನವಾದ ಪ್ರಶ್ನೆ ನಕ್ಷತ್ರವೆಂಬ ಅಳತೆಗೋಲಿನದೇ. ಮಳೆಗಾಲವು ಅಯನವನ್ನು ಅನುಸರಿಸುತ್ತದೆ. ಪಂಚಾಂಗದ ನಕ್ಷತ್ರವು ಸ್ಥಿರತಾರೆಗಳನ್ನು ಅನುಸರಿಸುತ್ತದೆ. ಇವೆರಡೂ ಒಂದೇ ಅಲ್ಲ. ಅಯನಚಲನದಿಂದ ಸಾವಿರ ವರ್ಷಕ್ಕೆ ಸುಮಾರು ಹದಿನಾಲ್ಕು ದಿನಗಳಷ್ಟು ನಕ್ಷತ್ರಗಳು ಋತುವಿನಿಂದ ಹಿಂದೆ ಬೀಳುತ್ತವೆ. ಈಗ ಸೂರ್ಯನು ಆರಿದ್ರೆಯನ್ನು ಪ್ರವೇಶಿಸುವುದು ಜೂನ್ ೨೨ರ ಸುಮಾರಿಗೆ. ಚಾವುಂಡರಾಯನ ಕಾಲದಲ್ಲಿ ಅದು ಈಗಿನ ಲೆಕ್ಕದ ಜೂನ್ ೮ರ ಆಸುಪಾಸಿನಲ್ಲಿ, ಆರನೆಯ ಶತಮಾನದ ವರಾಹಮಿಹಿರನ ಕಾಲದಲ್ಲಿ ಜೂನ್ ತಿಂಗಳ ಆದಿಯಲ್ಲಿ ನಡೆಯುತ್ತಿದ್ದಿರಬೇಕು. ಹೆಸರು ಅದೇ, ಆಕಾಶ ಅದೇ, ಕೆಳಗಿನ ಋತು ಮಾತ್ರ ಬೇರೆ. ವರಾಹಮಿಹಿರನಿಗೆ ಈ ಸಂಗತಿ ಅಜ್ಞಾತವಾಗಿರಲಿಲ್ಲ. ಹಿಂದೆ ಆಶ್ಲೇಷಾರ್ಧದಲ್ಲಿ ಆಗುತ್ತಿದ್ದ ದಕ್ಷಿಣಾಯನವು ತನ್ನ ಕಾಲಕ್ಕೆ ಕರ್ಕಾಟಕದ ಆದಿಗೆ ಬಂದಿರುವುದನ್ನು ತಾನೇ ಹೇಳಿ, ಭೇದವಿದ್ದರೆ ಪ್ರತ್ಯಕ್ಷಪರೀಕ್ಷೆಯಿಂದ ತಿಳಿದುಕೊಳ್ಳತಕ್ಕದ್ದೆಂದು ಬರೆದನು. ಆಚಾರ್ಯನು ಹಾಕಿಕೊಟ್ಟ ದಾರಿ ಇದು. ಸಂಹಿತೆಯ ಮಾತನ್ನು ತಿದ್ದದೆ ಇಂದಿನ ರೈತನಿಗೆ ಹೇಳುವವರು ಆಚಾರ್ಯನನ್ನು ಅನುಸರಿಸುತ್ತಿಲ್ಲ. ಅವನು ನಿಷೇಧಿಸಿದುದನ್ನೇ ಮಾಡುತ್ತಿದ್ದಾರೆ.

ಗಾದೆಗಳ ಸ್ಥಿತಿ ಹೀಗಲ್ಲ. ಇಂದಿನ ರೋಹಿಣಿ ಮಳೆಯು ಮೇ ೨೫ರಿಂದ ಜೂನ್ ಮೊದಲ ವಾರದವರೆಗಿನದು. ಅದು ಜೋಳದ ಮುಂಗಾರು ಬಿತ್ತನೆಗೆ ಸರಿಯಾಗಿ ಹೊಂದುತ್ತದೆ. ಚಾವುಂಡರಾಯನ ಕಾಲದ ರೋಹಿಣಿಯು ಎರಡು ವಾರ ಮುಂಚಿತವಾದ ಬೇಸಗೆಯಲ್ಲಿ ಬೀಳುತ್ತಿದ್ದಿತು. ಆಗ ಈ ಗಾದೆ ಇಷ್ಟು ಚೆನ್ನಾಗಿ ಹೊಂದುತ್ತಿರಲಿಲ್ಲ. ಹಾಗಾದರೆ ಈ ಗಾದೆಯು ಈಚಿನ ಕೆಲವು ಶತಮಾನಗಳಲ್ಲಿ ಹುಟ್ಟಿರಬೇಕು. ಇಲ್ಲವೇ ಹಳೆಯ ಗಾದೆಯ ಅಚ್ಚಿನಲ್ಲಿ ಜನರು ಸದ್ದಿಲ್ಲದೆ ನಕ್ಷತ್ರವನ್ನು ಬದಲಾಯಿಸಿಕೊಂಡಿರಬೇಕು. ಹೇಗಾದರೂ ಸಿದ್ಧವಾಗುವ ಸಂಗತಿ ಒಂದೇ: ತಾಳೆಯೋಲೆಯಲ್ಲಿ ಬರೆದಿಟ್ಟ ಶಾಸ್ತ್ರವು ತನ್ನನ್ನು ತಾನು ತಿದ್ದಿಕೊಳ್ಳಲಿಲ್ಲ, ಬಾಯಲ್ಲಿ ಉಳಿದ ಗಾದೆಯು ತಿದ್ದಿಕೊಂಡಿತು. ಹೊಂದದ ಗಾದೆಯನ್ನು ಹೊಲದವರು ಮರೆತುಬಿಡುತ್ತಾರೆ. ಹೊಂದದ ಶ್ಲೋಕವನ್ನು ಪಂಡಿತರು ಕಂಠಪಾಠ ಮಾಡುತ್ತಾರೆ.

ಆದರೂ ಗಾದೆಯ ಪಕ್ಷಪಾತಿಗಳು ಇಷ್ಟಕ್ಕೆ ಹಿಗ್ಗಬಾರದು. ಅಯನಚಲನವು ಎಪ್ಪತ್ತು ವರ್ಷಕ್ಕೆ ಒಂದು ದಿನದ ಮಾರ್ಪಾಟು; ಅಜ್ಜನ ಗಾದೆಯನ್ನು ಮೊಮ್ಮಗನು ತಿದ್ದಿಕೊಳ್ಳಲು ಅಲ್ಲಿ ಬೇಕಾದಷ್ಟು ಪುರಸತ್ತಿದೆ. ಈಗಿನ ಮಾರ್ಪಾಟು ಒಂದೇ ತಲೆಮಾರಿನೊಳಗೆ ನಡೆದಿದೆ. ಅದು ತಾರೀಖಿನ ಮಾರ್ಪಾಟು ಮಾತ್ರವೂ ಅಲ್ಲ. ಮಧ್ಯಭಾರತದಲ್ಲಿ ೧೯೫೦ರಿಂದ ೨೦೧೫ರ ವರೆಗೆ ವಿಸ್ತಾರವಾದ ಅತಿವೃಷ್ಟಿಯ ಪ್ರಸಂಗಗಳು ಸುಮಾರು ಮೂರ್ಮಡಿಯಾದುವೆಂದು ಹವಾಗುಣತಜ್ಞರು ೨೦೧೭ರಲ್ಲಿ ತೋರಿಸಿಕೊಟ್ಟರು. ಒಟ್ಟು ಮಳೆ ಅಷ್ಟೇ ಇರಬಹುದು. ಮೂರು ವಾರ ಒಣಗಿಸಿ ಮೂರು ತಾಸಿನಲ್ಲಿ ಸುರಿದರೆ ಪೈರಿಗೆ ಅದು ಮಳೆಯಲ್ಲ. ‘ಇಂತಹ ನಕ್ಷತ್ರದ ಮಳೆ ಬಂದರೆ’ ಎಂದು ಆರಂಭವಾಗುವ ಗಾದೆಯು ಬಂದಿತೋ ಇಲ್ಲವೋ ಎಂಬುದನ್ನು ಬಲ್ಲುದು. ಬಂದ ಬಗೆಯನ್ನು ಅಳೆಯುವ ಮಾತು ಅದರಲ್ಲಿಲ್ಲ. ಗಾದೆಗೆ ತನ್ನನ್ನು ತಿದ್ದಿಕೊಳ್ಳುವ ಶಕ್ತಿಯಿದ್ದರೂ ತಿದ್ದಿಕೊಳ್ಳುವ ಕಾಲವಿಲ್ಲ.

ಉದಕಾರ್ಗಳದ ವಿಷಯದಲ್ಲಿ ಅಪಾಯವು ಇನ್ನೂ ಹತ್ತಿರದ್ದು. ಹುತ್ತ, ಮರ, ಹುಲ್ಲು, ಮಣ್ಣಿನ ಬಣ್ಣಗಳಿಂದ ಅಂತರ್ಜಲವನ್ನು ಊಹಿಸುವ ಬೃಹತ್ಸಂಹಿತೆಯ ಅಧ್ಯಾಯವನ್ನು ಸುಳ್ಳೆಂದು ತಳ್ಳುವಂತಿಲ್ಲ. ಗೆದ್ದಲಿಗೂ ಕೆಲವು ಮರಗಳಿಗೂ ತೇವ ಬೇಕೆಂಬುದು ಪ್ರತ್ಯಕ್ಷ. ಆದರೆ ಅಲ್ಲಿ ನೀರಿನ ಆಳವನ್ನು ಬಹುಮಟ್ಟಿಗೆ ಕೆಲವು ಪುರುಷಪ್ರಮಾಣಗಳಲ್ಲಿ, ಎಂದರೆ ಕೈಯೆತ್ತಿ ನಿಂತ ಮನುಷ್ಯನ ಎತ್ತರದ ಲೆಕ್ಕದಲ್ಲಿ ಹೇಳಿದೆ. ಬೆಂಗಳೂರಿನ ಸುತ್ತ ಆ ಮೇಲ್ಪದರದ ನೀರು ಬಹುತೇಕ ಬತ್ತಿದೆ. ಕೊಳವೆಬಾವಿಯು ಕಲ್ಲಿನ ಬಿರುಕುಗಳನ್ನು ಹುಡುಕಿಕೊಂಡು ಸಾವಿರ ಅಡಿಯನ್ನು ಮೀರಿ ಇಳಿಯುತ್ತದೆ. ಆ ಆಳದ ಸುದ್ದಿಯನ್ನು ಹುತ್ತವು ಹೇಳಲಾರದು. ಸಂಹಿತೆಯ ಶ್ಲೋಕವನ್ನು ನಂಬಿ ಸಾಲಮಾಡಿ ಕೊರೆಯಿಸಿದವನಿಗೆ ಶ್ಲೋಕವು ಸಾಲವನ್ನು ತೀರಿಸಿಕೊಡುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನೀರು ಬತ್ತಿದ್ದಕ್ಕೆಲ್ಲ ಆಕಾಶವನ್ನೇ ಹಳಿಯುವ ಬರಹವು ಈಚೆಗೆ ಹೆಚ್ಚಾಗಿದೆ. ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೆ ಅರ್ಕಾವತಿಯ ನೀರು ಏಕೆ ಕಡಿಮೆಯಾಯಿತೆಂಬುದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ವಿದ್ವಾಂಸರು ಪರಿಶೋಧಿಸಿ ೨೦೧೫ರಲ್ಲಿ ಪ್ರಕಟಿಸಿದರು. ಮಳೆಯ ಕೊರತೆಯಾಗಲಿ ಬಿಸಿಲಿನ ಏರಿಕೆಯಾಗಲಿ ಅದಕ್ಕೆ ಮುಖ್ಯಕಾರಣವಲ್ಲ. ಅಂತರ್ಜಲವನ್ನು ಎತ್ತಿದ್ದೂ ನೀಲಗಿರಿ ಮರಗಳನ್ನು ಬೆಳೆಸಿದ್ದೂ ಹೆಚ್ಚು ಸಂಭವನೀಯ ಕಾರಣಗಳೆಂದು ಅವರು ಕಂಡರು. ಪ್ರತಿಯೊಂದು ಸಂಭವನೀಯ ಕಾರಣವನ್ನೂ ಪೂರ್ವಪಕ್ಷವಾಗಿ ನಿಲ್ಲಿಸಿ ಒಂದೊಂದನ್ನೇ ನಿರಾಕರಿಸುತ್ತ ಹೋದ ಆ ಲೇಖನದ ಕ್ರಮವು ಮೀಮಾಂಸಕರಿಗೂ ಮೆಚ್ಚಿಗೆಯಾಗುವಂತಹುದು. ಮಾದನಾಯಕನಹಳ್ಳಿಯ ಸುತ್ತಣ ಕೆರೆಗಳೂ ಅದೇ ನದಿಯ ಜಲಾನಯನಕ್ಕೆ ಸೇರಿದವು. ಹವಾಗುಣದ ದೋಷವನ್ನೂ ಮನುಷ್ಯನ ಕೈಯ ದೋಷವನ್ನೂ ಒಂದೇ ಚೀಲದಲ್ಲಿ ತುಂಬಿ ರೈತನ ತಲೆಯ ಮೇಲಿಡುವುದು ನ್ಯಾಯವಲ್ಲ.

ಕಾವ್ಯಕ್ಕೆ ಬಂದರೆ ರಾಮಧಾನ್ಯಚರಿತ್ರೆಯು ಈ ವಿಚಾರದಲ್ಲಿ ಶಾಸ್ತ್ರಗಳಿಗಿಂತ ಮುಂದೆ ಹೋಗಿದೆ. ಭಾಮಿನಿ ಷಟ್ಪದಿಯ ಈ ಕಿರುಕಾವ್ಯದಲ್ಲಿ ವ್ರೀಹಿಗೂ ನರೆದಲೆಗನಿಗೂ, ಎಂದರೆ ಭತ್ತಕ್ಕೂ ರಾಗಿಗೂ, ಶ್ರೇಷ್ಠತೆಯ ವ್ಯಾಜ್ಯ ನಡೆಯುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುವನು. ಹೊರಗೆ ಬಂದಾಗ ವ್ರೀಹಿ ಕಂದಿಹೋಗಿರುತ್ತದೆ, ನರೆದಲೆಗನು ಕುಂದದೆ ನಿಂತಿರುತ್ತಾನೆ. ಇದನ್ನು ಮೇಲುಕೀಳಿನ ಭಾವದ ವಿಡಂಬನೆಯೆಂದು ವಿಮರ್ಶಕರು ಓದಿರುವುದು ಯುಕ್ತವೇ. ಕಾವ್ಯದ ಹೃದಯ ಅಲ್ಲಿಯೇ ಇದೆ. ಆದರೆ ಪರೀಕ್ಷೆಯ ಸ್ವರೂಪವನ್ನು ಕುರಿತು ಯೋಚಿಸಿದವರು ಕಡಿಮೆ. ಯಾವುದು ಹೆಚ್ಚು ಫಲಿಸುತ್ತದೆಂದು ರಾಮನು ಕೇಳಲಿಲ್ಲ, ಯಾವುದು ರುಚಿಯೆಂದೂ ಕೇಳಲಿಲ್ಲ. ಕತ್ತಲೆಯಲ್ಲಿ, ಆರೈಕೆಯಿಲ್ಲದೆ, ಅರ್ಧವರ್ಷ ಕೆಡದೆ ಉಳಿಯುವುದು ಯಾವುದೆಂದು ನೋಡಿದನು. ಇದು ಹಗೇವಿನ ಪರೀಕ್ಷೆ. ಹಗೇವಿನಲ್ಲಿ ತುಂಬಿಟ್ಟ ರಾಗಿಯು ಬಹುವರ್ಷಗಳವರೆಗೆ ಹುಳು ಹಿಡಿಯದೆ ನಿಲ್ಲುತ್ತದೆಂಬುದನ್ನು ಬಲ್ಲವನೇ ಇಂತಹ ಸೆರೆಮನೆಯನ್ನು ಕಲ್ಪಿಸಬಲ್ಲನು. ಮಳೆಯಡಗಿ ಕ್ಷಾಮ ಬಂದಾಗ ಪ್ರಾಣಿಗಳನ್ನು ಸಲಹುವವನು ತಾನೆಂದು ನರೆದಲೆಗನು ವಾದಿಸುವಲ್ಲಿಯೂ ಬರಗಾಲವನ್ನು ಕಂಡ ನಾಡಿನ ದನಿಯಿದೆ. ೧೮೭೬–೭೮ರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನರು ಅಳಿದರು. (ಆ ಬರದ ಮೊದಲ ವರ್ಷದ ಹೆಸರು ಧಾತು, ಎಂದರೆ ಪೋಷಕ, ಸಂವತ್ಸರದ ಹೆಸರಿನಿಂದ ಫಲವನ್ನು ಹೇಳುವವರು ಇದಕ್ಕೆ ಏನು ಸಮಾಧಾನ ಹೇಳುವರೋ ತಿಳಿಯದು.)

ಹಾಗೆಂದು ಈ ಕಾವ್ಯವನ್ನು ಬೇಸಾಯದ ಕೈಪಿಡಿಯಾಗಿ ಮಾಡಹೊರಟವರಿಗೆ ತಡೆ ಹೇಳಲೇಬೇಕು. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಸಭೆಸಭೆಗಳಲ್ಲಿ ಕನಕದಾಸರ ಹೆಸರು ಕೇಳಿಬಂತು. ಹೆಸರು ಕೇಳಿದ್ದು ಸಂತೋಷವೇ. ಕಾವ್ಯದ ನರೆದಲೆಗನು ಒಬ್ಬನೇ. ಹೊಲದ ರಾಗಿ ಒಂದೇ ಅಲ್ಲ. ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿಕೊಟ್ಟರು. ಆಮೇಲೆ ಬೆಂಕಿರೋಗವನ್ನು ತಡೆಯುವ ಜಿಪಿಯು ೨೮ ಬಂದಿತು. ಬರವನ್ನು ತಾಳುವ ಎಂಎಲ್ ೩೬೫ ಬಂದಿತು. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ, ೨೦೧೧ರಲ್ಲಿ ಆರಂಭವಾದ ರಾಷ್ಟ್ರೀಯ ಹವಾಗುಣಸಹಿಷ್ಣು ಕೃಷಿಯ ಯೋಜನೆಯ ಅಂಗವಾಗಿ, ಈ ತಳಿಯನ್ನೂ ಕೃಷಿಹೊಂಡಗಳನ್ನೂ ರೈತರ ಹೊಲಗಳಲ್ಲಿಯೇ ಪರೀಕ್ಷಿಸಿದರು. ಮಳೆ ತಡವಾದರೆ ದೀರ್ಘಾವಧಿಯ ತಳಿಯನ್ನು ಬಿಟ್ಟು ಅಲ್ಪಾವಧಿಯದನ್ನು ಹಿಡಿಯಬೇಕೆಂಬುದು ಇಂದಿನ ವಿಧಿ. ರಾಗಿಯನ್ನು ಹೊಗಳುವುದು ಕವಿಯ ಕೆಲಸ. ಯಾವ ರಾಗಿ, ಯಾವಾಗ ಎಂದು ಹೇಳುವುದು ಬೇರೊಬ್ಬನ ಕೆಲಸ.

ಆ ಬೇರೊಬ್ಬನ ಭಾಷೆಯೂ ವಿಮರ್ಶೆಗೆ ಹೊರತಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ೧೯೮೮ರಲ್ಲಿ ಬರದ ಉಸ್ತುವಾರಿಗೆಂದು ಹುಟ್ಟಿದ್ದು. ಇಂದು ಗ್ರಾಮಪಂಚಾಯಿತಿಯ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಕೌಟಿಲ್ಯನ ಉಗ್ರಾಣದ ಪಾತ್ರೆಯು ಊರೂರಿಗೆ ಬಂದಂತಾಯಿತು. ‘ವರುಣಮಿತ್ರ’ ಎಂಬ ದೂರವಾಣಿ ಸೇವೆಗೆ ಇಟ್ಟ ಹೆಸರು ಸೊಗಸಾಗಿದೆ. ‘ವಾಡಿಕೆ ಮಳೆ’ ಎಂಬ ಪ್ರಯೋಗವು ಅದಕ್ಕಿಂತಲೂ ಸೊಗಸು. ಆದರೆ ಕೈಪಿಡಿಗಳ ಗದ್ಯವನ್ನು ತೆರೆದರೆ ‘ಸ್ಥಿತಿಸ್ಥಾಪಕತ್ವ’, ‘ಹೊಂದಾಣಿಕಾ ಸಾಮರ್ಥ್ಯ’, ‘ಸಂಭವನೀಯತಾ ಮುನ್ಸೂಚನೆ’ ಎಂಬಂತಹ ಪದಗಳು ಎದುರಾಗುತ್ತವೆ. ಇವು ಸಂಸ್ಕೃತದ ವೇಷದಲ್ಲಿ ಬಂದ ಪರಭಾಷೆಯ ವಾಕ್ಯಗಳು. ಸಂಸ್ಕೃತವನ್ನು ಬಲ್ಲವನಿಗೂ ಇವುಗಳಿಂದ ಅರ್ಥ ಹೊಳೆಯದು, ಬಲ್ಲದವನಿಗೆ ಕೇಳುವುದೇನು? ಸ್ಥಿತಿಸ್ಥಾಪಕತ್ವವು ರಬ್ಬರಿನ ಗುಣ. ಬಿದ್ದು ಎದ್ದುಕೊಳ್ಳುವ ಪೈರಿಗೆ ಒಕ್ಕಲಿಗನು ‘ಚೇತರಿಸಿಕೊಂಡಿತು’ ಎನ್ನುತ್ತಾನೆ. ಬಿತ್ತನೆಗೆ ತಕ್ಕ ನೆಲದ ತೇವಕ್ಕೆ ಹದ ಎಂಬ ಮಾತಿದೆ, ಬೆದೆ ಎಂಬ ಮಾತಿದೆ. ‘ಮಣ್ಣಿನ ಸೂಕ್ತ ತೇವಾಂಶದ ಸ್ಥಿತಿ’ ಎಂದು ನಾಲ್ಕು ಪದ ಜೋಡಿಸುವಷ್ಟರಲ್ಲಿ ಬೆದೆ ಆರಿಹೋಗುತ್ತದೆ.

ಗಾದೆಯ ರೂಪವನ್ನು ಇಲ್ಲಿ ನೆನೆಯಬೇಕಾಗುತ್ತದೆ. ಅದರ ವಿಷಯವು ಹಳತಾಗಿದ್ದರೂ ‘ಬಂದರೆ ಹೀಗೆ, ಬಾರದಿದ್ದರೆ ಹಾಗೆ’ ಎಂಬ ಅದರ ವಾಕ್ಯರಚನೆ ಹಳತಾಗಿಲ್ಲ. ‘ನೂರಕ್ಕೆ ಅರವತ್ತರಷ್ಟು ಸಂಭವ’ ಎಂಬ ಸಂದೇಶವನ್ನು ಕೇಳಿದ ರೈತನಿಗೆ ಉಳಿದ ನಲವತ್ತರಲ್ಲಿ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಉತ್ತರೆಯವರೆಗೆ ಕಾದರೂ ಹದ ಬಾರದಿದ್ದರೆ ರಾಗಿಯ ಆಸೆಯನ್ನು ಬಿಟ್ಟು ಹುರುಳಿಯನ್ನು ಚೆಲ್ಲು ಎಂಬ ಅರ್ಥದ ಒಂದು ನೇರವಾದ ವಾಕ್ಯವಿದ್ದರೆ ತಿಳಿಯುತ್ತದೆ. ಮೈಸೂರಿನಲ್ಲಿ ಜೆ. ಎಸ್. ಚಕ್ರವರ್ತಿಯವರು ೧೯೨೦ರ ತಮ್ಮ ಪುಸ್ತಕದಲ್ಲಿ ಮಳೆಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡು ಬೆಳೆವಿಮೆಯ ಒಂದು ಯೋಜನೆಯನ್ನು ಮುಂದಿಟ್ಟಿದ್ದರು. ಇಷ್ಟು ಮಳೆ ಬಾರದಿದ್ದರೆ ಇಷ್ಟು ಹಣ ಎಂಬ ಆ ಯೋಜನೆಯ ತಿರುಳೂ ಗಾದೆಯ ರೂಪದ್ದೇ. ಭಾರತದಲ್ಲಿ ಹವಾಮಾನ ಆಧಾರಿತ ಬೆಳೆವಿಮೆಯು ಸರಕಾರದ ಯೋಜನೆಯಾಗಿ ೨೦೦೭ರಲ್ಲಿ ಆರಂಭವಾದಾಗ ಕರ್ನಾಟಕದಲ್ಲಿಯೇ ಮೊದಲು ಪ್ರಯೋಗವಾಯಿತು. ಆ ವೇಳೆಗೆ ಚಕ್ರವರ್ತಿಯವರ ಪುಸ್ತಕಕ್ಕೆ ಎಂಬತ್ತೇಳು ವರ್ಷವಾಗಿತ್ತು.

ಗಾದೆಸಂಗ್ರಹಗಳನ್ನು ಮರುಮುದ್ರಿಸುವವರು ಒಂದೊಂದು ಗಾದೆಯ ಕೆಳಗೆ ಅದನ್ನು ಹೇಳಿದ ಊರು, ಅಲ್ಲಿಯ ನೆಲದ ಬಗೆ, ಬರೆದುಕೊಂಡ ವರ್ಷ ಇವುಗಳನ್ನಾದರೂ ಹಾಕಿದರೆ ಮುಂದಿನವರಿಗೆ ಪರೀಕ್ಷೆ ಸಾಧ್ಯವಾದೀತು. ಎರೆಭೂಮಿಯ ಜೋಳದ ಗಾದೆಯನ್ನು ಕೆಂಪುನೆಲದ ರಾಗಿಯ ಗಾದೆಯ ಪಕ್ಕದಲ್ಲಿ ಅಕ್ಷರಕ್ರಮದಿಂದ ನಿಲ್ಲಿಸಿದಾಗ ಎರಡೂ ತಮ್ಮ ಸಾಕ್ಷ್ಯವನ್ನು ಕಳೆದುಕೊಳ್ಳುತ್ತವೆ.

ಇನ್ನು ಗಾದೆಗೂ ಶಾಸ್ತ್ರಕ್ಕೂ ಸಿಕ್ಕದೆ ಉಳಿದ ಸಂಗತಿಗಳುಂಟು. ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಬೆಂಗಳೂರಿನ ಸುತ್ತ ಸಂಚರಿಸಿದಾಗ ಕೂರಿಗೆಯಿಂದ ರಾಗಿಯನ್ನು ಬಿತ್ತುತ್ತ, ಅದರ ಹಿಂದೆ ಅಕ್ಕಡಿಯ ಸಾಲಿನಲ್ಲಿ ಅವರೆ ತೊಗರಿಗಳನ್ನು ಬಿಡುವ ಕ್ರಮವನ್ನು ನೋಡಿ ವಿವರವಾಗಿ ಬರೆದಿಟ್ಟನು. ಮೊದಲ ಮಳೆ ಕೈಕೊಟ್ಟರೂ ಹಿಂದಿನ ಮಳೆಯಲ್ಲಿ ಅಕ್ಕಡಿಯ ಕಾಳು ಕೈಗೆ ಬರುತ್ತದೆ. ರಾಗಿಯ ಪೈರು ಎಳೆಯದಾಗಿರುವಾಗ ಅದರ ಮೇಲೆ ಹಲುಬೆ ಹೊಡೆಯುವ ರೂಢಿಯೂ ಹಳೆಯ ಮೈಸೂರಿನ ಹೊಲಗಳದು: ಪೈರು ಕಿತ್ತುಹೋಗುವಂತೆ ತೋರಿದರೂ ಉಳಿದ ಗಿಡಗಳು ಬೇರನ್ನು ಆಳಕ್ಕೆ ಇಳಿಸಿ, ತೆಂಡೆಯೊಡೆದು, ಮುಂದಿನ ಒಣಹವೆಯನ್ನು ತಾಳಿಕೊಳ್ಳುತ್ತವೆ. ಮಾದನಾಯಕನಹಳ್ಳಿಯ ಕಡೆಯಲ್ಲಿ ಈಗ ಹಲುಬೆಯನ್ನೆಳೆಯುವ ಎತ್ತುಗಳೇ ಅಪರೂಪವಾಗುತ್ತಿವೆ. ಹಲುಬೆ, ಸಡ್ಡೆ, ಅಕ್ಕಡಿ, ಹಗೇವು ಎಂಬ ಪದಗಳ ಅರ್ಥವನ್ನು ಹೊಲದ ಬದುವಿನ ಮೇಲೆ ನಿಂತು ತೋರಿಸಬಲ್ಲ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರೆ.